ಸುಳ್ಳಿಗೆ ಜಾಗವಿಲ್ಲದ ಪ್ರಾರ್ಥನೆ

ಭಾರತದಲ್ಲಿ ಕೊರೊನಾಕ್ಕೆ ಬಲಿಯಾದ ಮೊದಲ ವ್ಯಕ್ತಿ ಕಲಬುರಗಿಯ ವೃದ್ಧರೊಬ್ಬರು. ಅವರು ತೀರಿಕೊಂಡದ್ದು 2020ರ ಮಾರ್ಚ್ 10ರಂದು. ಕ್ರೈಸ್ತರಿಗೆ ಅದು ತಪಸ್ಸುಕಾಲದ ಎರಡನೆಯ ವಾರ. ಹದಿನೈದು ದಿನಗಳಲ್ಲಿ ದೇಶವೇ ಬಾಗಿಲು ಹಾಕಿಕೊಂಡಿತು. ಏಪ್ರಿಲ್ 10ರ ಶುಭ ಶುಕ್ರವಾರಕ್ಕೂ 12ರ ಪುನರುತ್ಥಾನದ ಹಬ್ಬಕ್ಕೂ ಚರ್ಚುಗಳ ಬೀಗ ತೆಗೆಯಲಿಲ್ಲ. ಹುಮನಾಬಾದ್ ರಸ್ತೆಯ ಕಪನೂರ ಕೈಗಾರಿಕಾ ಪ್ರದೇಶವನ್ನು ನಂಬಿ ಬದುಕುವ ದಿನಗೂಲಿಗಳ ಮನೆಯಲ್ಲಿ ನಾಳೆಯ ಹಿಟ್ಟಿನ ಚಿಂತೆ ಶುರುವಾಯಿತು. ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗಿದ್ದ ನಮ್ಮ ಜನ ಗಂಟುಮೂಟೆ ಹೊತ್ತು ತಿರುಗಿ ಬಂದರು.

ಆ ತಿಂಗಳುಗಳಲ್ಲಿ ಕ್ರೈಸ್ತ ಮನೆಗಳಲ್ಲಿ ಒಂದು ಸಂಗತಿ ಬಯಲಾಯಿತು. ಎಷ್ಟೋ ವರ್ಷ ಸಭೆಯ ನಡುವೆ ನಿಂತು ಗಟ್ಟಿದನಿಯಲ್ಲಿ ಪ್ರಾರ್ಥಿಸಿದ ಕೆಲವರಿಗೆ, ಪಾಸ್ಟರ್ ಇಲ್ಲದೆ, ಹಾಡು ವಾದ್ಯಗಳಿಲ್ಲದೆ, ಒಬ್ಬರೇ ಕೂತು ದೇವರೊಡನೆ ಏನು ಮಾತಾಡಬೇಕೆಂಬುದೇ ತೋಚಲಿಲ್ಲ. ಸಭೆಯಲ್ಲಿ ಹಿಂದೆ ಗೋಡೆಗೆ ಒರಗಿ ಕೂರುತ್ತಿದ್ದ, ಯಾರ ಗಮನಕ್ಕೂ ಬಾರದಿದ್ದ ಕೆಲವರು ಆ ಕಾಲವನ್ನು ಗಟ್ಟಿಯಾಗಿ ದಾಟಿದರು, ಅಕ್ಕಪಕ್ಕದವರನ್ನೂ ದಾಟಿಸಿದರು. ಎರಡೂ ಬಗೆಯವರು ಪ್ರಾರ್ಥಿಸುವವರೇ, ನಂಬುವವರೇ. ಹಾಗಿದ್ದರೆ ಒಬ್ಬರಿಗೆ ಸಿಕ್ಕ ಬಲ ಇನ್ನೊಬ್ಬರಿಗೆ ಯಾಕೆ ಸಿಗಲಿಲ್ಲ?

ನನ್ನ ಉತ್ತರ ಇದು: ಮನಃಪೂರ್ವಕ ಪ್ರಾರ್ಥನೆಯಿಂದ ಕಷ್ಟ ತೊಲಗಿಯೇ ಹೋಗುತ್ತದೆ ಎಂಬ ಭರವಸೆಯನ್ನು ಯಾರೂ ಕೊಡಲಾರರು. ಆದರೆ ಕಷ್ಟದ ಹೊತ್ತಿನಲ್ಲಿ ನಾವು ನಮಗೇ ಹೇಳಿಕೊಳ್ಳುವ ಸುಳ್ಳನ್ನು ಅದು ಖಂಡಿತ ಕಿತ್ತುಹಾಕುತ್ತದೆ. ಆ ಸುಳ್ಳು ಹೋದರೆ ಮನುಷ್ಯ ನಿಲ್ಲಬಲ್ಲ. ಅದು ಒಳಗೇ ಉಳಿದಿದ್ದರೆ ಇಡೀ ರಾತ್ರಿ ಪ್ರಾರ್ಥಿಸಿದರೂ ಬೆಳಗಾಗುವುದರೊಳಗೆ ಜಾರುತ್ತಾನೆ.

ಮನಸ್ಸನ್ನು ತಪ್ಪಿನ ಕಡೆಗೆ ಎಳೆಯುವ ಶೋಧನೆ ಹೇಗೆ ಕೆಲಸ ಮಾಡುತ್ತದೆ ನೋಡಿ. ದಿನವಿಡೀ ತೊಗರಿ ಮೂಟೆ ಹೊತ್ತ ಹಮಾಲ ಸಂಜೆ ಕೂಲಿ ಎಣಿಸಿಕೊಂಡು ಮಿಲ್ಲಿನಿಂದ ಹೊರಬರುತ್ತಾನೆ. ಮನೆಯ ದಾರಿಯಲ್ಲೇ ದಾರು ಅಂಗಡಿ. "ಮೈ ಭಾಳ ನೋಯಾಕತ್ತದ, ಇವತ್ತೊಂದಿನ" ಅನ್ನುತ್ತದೆ ಮನಸ್ಸು. ಮೈ ನೋಯುತ್ತಿರುವುದು ನಿಜ. ಇವತ್ತೊಂದೇ ದಿನ ಎಂಬುದು ಸುಳ್ಳು. ಮಟಕಾ ಚೀಟಿ ಬರೆಸುವವನು ಮಗಳ ಮದುವೆಯ ಸಾಲ ತೀರಿಸುವುದಕ್ಕೆ ಎಂದುಕೊಳ್ಳುತ್ತಾನೆ. ಸಾಲ ನಿಜ, ಅದರಿಂದ ತೀರುತ್ತದೆ ಎಂಬುದು ಸುಳ್ಳು. ತೂಕದಲ್ಲಿ ಕೈಚಳಕ ತೋರಿಸುವ ವ್ಯಾಪಾರಿಗೆ ಪೇಟೆಯಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ ಎಂಬ ಸಮಾಧಾನ. ಬಹಳ ಜನ ಮಾಡುತ್ತಿರಬಹುದು. ಅದರಿಂದ ಇವನ ತಕ್ಕಡಿ ಸರಿಹೋಗುವುದಿಲ್ಲ. ಯಾವ ಶೋಧನೆಯೂ ಬರಿಯ ಸುಳ್ಳಾಗಿ ಎದುರು ನಿಲ್ಲುವುದಿಲ್ಲ. ಒಂದು ನಿಜವನ್ನು ಮುಂದೆ ಮಾಡಿಕೊಂಡೇ ಬರುತ್ತದೆ. ಆ ನಿಜಕ್ಕೆ ತಲೆಯಾಡಿಸುತ್ತ ನಾವು ಅದರ ಬೆನ್ನಿಗಿರುವ ಸುಳ್ಳಿಗೂ ಹೂಂಗುಟ್ಟಿಬಿಡುತ್ತೇವೆ.

ಸಂಕಟದ ರೀತಿಯೂ ಇದೇ. 2022ರ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿದ್ದು, ಕಾಯಿ ಕಟ್ಟುವ ಹೊತ್ತಿಗೆ ಹೊಲಕ್ಕೆ ಹೊಲವೇ ಒಣಗಿ ನಿಂತಿತು. ನಷ್ಟ ನಿಜ. ಇನ್ನು ತನ್ನ ಬಾಳೇ ಮುಗಿಯಿತು ಎಂದು ರೈತನ ಕಿವಿಯಲ್ಲಿ ಉಸುರುವ ದನಿ ಮಾತ್ರ ಸುಳ್ಳು. ಕಿರುಸಾಲದ ವಸೂಲಿಯವರ ಕಾಟ ಎಷ್ಟರ ಮಟ್ಟಿಗೆ ಹೋಯಿತೆಂದರೆ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಮನೆ ಮುಂದೆ ನಿಂತು ಬೈದು ಹೋದವನು ಮಾಡಿದ ಅವಮಾನ ನಿಜ. ಇನ್ನು ಯಾರ ಮುಖವನ್ನೂ ನೋಡುವಂತಿಲ್ಲ ಎಂಬುದು ಸುಳ್ಳು. ಪ್ರತಿ ಕಷ್ಟವೂ ತನ್ನ ಹೊಟ್ಟೆಯೊಳಗೆ ಒಂದು ಶೋಧನೆಯನ್ನು ಇಟ್ಟುಕೊಂಡೇ ಬರುತ್ತದೆ. ಹಸಿವು ಕಳ್ಳತನಕ್ಕೆ ಕರೆಯುತ್ತದೆ, ಅವಮಾನ ದ್ವೇಷಕ್ಕೆ, ದೀರ್ಘ ಕಾಯಿಲೆ ನಿರಾಸೆಗೆ. ಕಷ್ಟ ತಂದುಕೊಟ್ಟ ನೋವಿಗಿಂತ ಆ ಕರೆಗೆ ಓಗೊಟ್ಟು ಆದ ನಷ್ಟವೇ ಹೆಚ್ಚೆಂದು ತಿಳಿದವರು ಎಲ್ಲ ಊರಿನಲ್ಲೂ ಇದ್ದಾರೆ.

ಕ್ರೈಸ್ತರು ಇದನ್ನು ಕಲಿಯಬೇಕಾದ ಜಾಗ ಯೇಸು ಸೆರೆಸಿಕ್ಕ ಗೆತ್ಸೆಮನೆ ತೋಟ. ಅಲ್ಲಿ ರಾತ್ರಿ ಒಂದೇ, ಎದುರಾಗಲಿದ್ದ ಆಪತ್ತೂ ಒಂದೇ. ಯೇಸು ಎಚ್ಚರವಿದ್ದು ಪ್ರಾರ್ಥಿಸಿದರು, ಶಿಷ್ಯ ಪೇತ್ರ ನಿದ್ದೆಹೋದ. ಯೇಸು ಮೊದಲು ಬೇಡಿದ್ದು ಏನು? ಆ ಸಂಕಟದ ಪಾತ್ರೆ ತನ್ನಿಂದ ತೊಲಗಲಿ ಎಂದು. ಸಾವು ಬೇಡವೆನಿಸಿತ್ತು, ಬೇಡವೆಂದರು. ತನಗೇನೂ ಹೆದರಿಕೆಯಿಲ್ಲ ಎಂಬ ಮುಖವಾಡ ಹಾಕಿಕೊಳ್ಳಲಿಲ್ಲ. ಅವರ ಬೆವರು ರಕ್ತದ ಹನಿಗಳ ಹಾಗೆ ನೆಲಕ್ಕೆ ಬೀಳುತ್ತಿತ್ತೆಂದು ಲೂಕ ಬರೆಯುತ್ತಾನೆ. ಅದೇ ಬೇಡಿಕೆಯನ್ನು ಮೂರು ಸಲ ಮುಂದಿಟ್ಟು, ಕೊನೆಗೆ ತಂದೆಯ ಚಿತ್ತವೇ ಆಗಲಿ ಎಂದು ಒಪ್ಪಿ ಎದ್ದರು. ತನಗೆ ಬೇಕಾದದ್ದನ್ನು ಬಾಯಿಬಿಟ್ಟು ಹೇಳುವುದಕ್ಕೂ ದೇವರ ಚಿತ್ತವನ್ನು ಒಪ್ಪುವುದಕ್ಕೂ ನಡುವೆ ಒಂದು ದೀರ್ಘ ಸೆಣಸಾಟವಿದೆ. ಪ್ರಾರ್ಥನೆಯ ಕೆಲಸವೆಲ್ಲ ನಡೆಯುವುದು ಆ ನಡುವಿನಲ್ಲಿ. ಮೊದಲ ಭಾಗವನ್ನು ನುಂಗಿಕೊಂಡು ನಿನ್ನ ಚಿತ್ತವಾಗಲಿ ಎಂದು ಬೇಗಬೇಗ ಮುಗಿಸುವವರ ಪ್ರಾರ್ಥನೆ ಭಕ್ತಿಯ ಹಾಗೆ ಕಾಣುತ್ತದೆ. ಅವರ ಭಯ ಮಾತ್ರ ಯಾರ ಕೈಗೂ ಸಿಗದೆ ಒಳಗೇ ಉಳಿಯುತ್ತದೆ.

ಪೇತ್ರನನ್ನು ಗಮನಿಸಿ. ಎಲ್ಲರೂ ಕೈಬಿಟ್ಟರೂ ತಾನು ಬಿಡುವುದಿಲ್ಲವೆಂದು ಅದೇ ರಾತ್ರಿ ಊಟದ ಹೊತ್ತಿನಲ್ಲಿ ಆಣೆ ಇಟ್ಟಿದ್ದ. ಅದು ಕಪಟವಲ್ಲ, ತನ್ನ ಧೈರ್ಯದ ಬಗ್ಗೆ ಅವನಿಗೇ ಇದ್ದ ತಪ್ಪು ಲೆಕ್ಕ. ಆ ಲೆಕ್ಕವನ್ನು ದೇವರ ಮುಂದೆ ಇಟ್ಟು ನೋಡುವ ಒಂದು ಗಳಿಗೆ ಅವನಿಗೆ ತೋಟದಲ್ಲಿತ್ತು. ನಿದ್ದೆಯಲ್ಲಿ ಅದನ್ನು ಕಳೆದುಕೊಂಡ. ಸಿಪಾಯಿಗಳು ಬಂದಾಗ ಕತ್ತಿ ಹಿರಿದ, ಕೆಲವೇ ಗಳಿಗೆಯ ಮೇಲೆ ಒಬ್ಬ ದಾಸಿಯ ಪ್ರಶ್ನೆಗೆ ಹೆದರಿ ಗುರುವನ್ನೇ ಅರಿಯೆ ಎಂದ. ಕತ್ತಿ ಹಿರಿದವನೂ ಅಲ್ಲಗಳೆದವನೂ ಒಬ್ಬನೇ. ಎರಡೂ ಬಂದದ್ದು ತನ್ನ ಭಯವನ್ನು ತಾನೇ ಕಾಣದ ಮನಸ್ಸಿನಿಂದ. ತೋಟದಲ್ಲಿ ಅತ್ತು ನಡುಗಿದ ಯೇಸುವಾದರೋ ಹಿಡಿಯಲು ಬಂದವರ ಎದುರಿಗೆ ಶಾಂತವಾಗಿ ನಡೆದುಬಂದರು. ಪ್ರಾರ್ಥನೆಯಲ್ಲಿ ನಡುಗಿದವನಿಗೆ ಬೀದಿಯಲ್ಲಿ ನಡುಗುವ ಕಾರಣ ಉಳಿದಿರುವುದಿಲ್ಲ.

ನಮ್ಮ ಭಾಗದಲ್ಲಿ ಶ್ರದ್ಧೆಯನ್ನು ದನಿಯ ಎತ್ತರದಿಂದ ಅಳೆಯುವ ರೂಢಿ ಬೆಳೆದಿದೆ. ಉಪವಾಸ ಪ್ರಾರ್ಥನೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿ ಪ್ರಾರ್ಥಿಸಿದರೆ ಆತ್ಮ ಇಳಿಯಿತು ಅನ್ನುತ್ತಾರೆ; ಮೌನವಾಗಿ ಜಪಸರ ಹಿಡಿದು ಕೂತ ಕಥೋಲಿಕ ಅಜ್ಜಿಯ ಪ್ರಾರ್ಥನೆಯನ್ನು ಬರಿಯ ರೂಢಿ ಎಂದು ತಳ್ಳಿಹಾಕುತ್ತಾರೆ. ಬೈಬಲಿನಲ್ಲಿ ಎರಡಕ್ಕೂ ಜಾಗವಿದೆ. ಹನ್ನಳು ಶೀಲೋವಿನ ಗುಡಿಯಲ್ಲಿ ತುಟಿಯನ್ನಷ್ಟೇ ಆಡಿಸಿ ಪ್ರಾರ್ಥಿಸಿದಳು, ಯಾಜಕ ಏಲಿ ಅವಳನ್ನು ಕುಡಿದವಳೆಂದು ತಿಳಿದ. ಯೇಸು ಬಲವಾಗಿ ಕೂಗುತ್ತ ಕಣ್ಣೀರಿಡುತ್ತ ಪ್ರಾರ್ಥಿಸಿದ್ದನ್ನು ಇಬ್ರಿಯರಿಗೆ ಬರೆದ ಪತ್ರಿಕೆ ನೆನೆಯುತ್ತದೆ. ದನಿ ಏರಿದೆಯೋ ಇಳಿದಿದೆಯೋ ಎಂಬುದರಿಂದ ಏನೂ ತೀರ್ಮಾನವಾಗುವುದಿಲ್ಲ. ಒಳಗಿದ್ದದ್ದು ಹೊರಗೆ ಬಂತೇ ಎಂಬುದೊಂದೇ ಪ್ರಶ್ನೆ. ಹಗಲೆಲ್ಲ ಹೆಂಡತಿಯ ಮೇಲೆ ಕೈಮಾಡಿದವನು ರಾತ್ರಿ ಸಭೆಯಲ್ಲಿ ಲೋಕಶಾಂತಿಗಾಗಿ ಕಣ್ಣೀರು ಸುರಿಸಿದರೆ ಆ ಕಣ್ಣೀರಿಗೆ ಬೆಲೆಯಿಲ್ಲ. ಅವನು ಅಲ್ಲಿ ಹೇಳಬೇಕಿದ್ದ ಮಾತು ಬೇರೆಯೇ ಇತ್ತು.

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಇದೆಲ್ಲ ಮನುಷ್ಯ ತನ್ನೊಡನೆ ತಾನೇ ಆಡಿಕೊಳ್ಳುವ ಮಾತಲ್ಲವೇ? ಮನಸ್ಸು ಹಗುರ ಮಾಡಿಕೊಳ್ಳುವ ಒಂದು ಉಪಾಯವಲ್ಲವೇ? ಅದಕ್ಕೆ ದೇವರು ಯಾಕೆ ಬೇಕು? ಹೊರಗೆ ನಿಂತು ನೋಡುವವರಿಗೆ ಹಾಗೆ ಕಾಣುವುದು ಸಹಜ, ಅವರನ್ನು ತರ್ಕದಿಂದ ಸೋಲಿಸುವ ಸಾಧನ ನನ್ನಲ್ಲಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಅವರು ತೂಗಿ ನೋಡಬೇಕು. ನನ್ನೊಡನೆ ನಾನೇ ಮಾತಾಡುವಾಗ ನಾನೇ ವಕೀಲ, ನಾನೇ ನ್ಯಾಯಾಧೀಶ. ಎಷ್ಟು ಹೊತ್ತು ಕೂತರೂ ಕೊನೆಗೆ ನನ್ನದೇ ಸರಿ ಎಂದು ತೀರ್ಪು ಬರುತ್ತದೆ. ಪ್ರಾರ್ಥಿಸುವವನು ಕೂತಿರುವುದು ತನ್ನನ್ನು ಪೂರ್ತಿ ಬಲ್ಲವನ ಮುಂದೆ. ಅಲ್ಲಿ ನೆಪ ಹೇಳಿ ಉಪಯೋಗವಿಲ್ಲ, ಮುಚ್ಚಿಡಲು ಏನೂ ಇಲ್ಲ. ಬಲ್ಲವನು ತಳ್ಳಿಹಾಕುವುದಿಲ್ಲ ಎಂಬ ನಂಬಿಕೆಯೂ ಇರುವುದರಿಂದ ಮುಚ್ಚಿಡುವ ಅಗತ್ಯವೂ ಇಲ್ಲ. ನಿಜ ಹೇಳಲು ಧೈರ್ಯ ಬರುವುದು ಈ ಎರಡು ಒಟ್ಟಿಗಿದ್ದಾಗ. ಪೂರ್ತಿ ತಿಳಿದು ದೂರ ತಳ್ಳುವವನ ಮುಂದೆ ಬಾಯಿ ಬಿಡಲಾಗದು. ಪ್ರೀತಿಯಿದ್ದೂ ನಮ್ಮನ್ನು ಅರಿಯದವರ ಪ್ರೀತಿಯನ್ನು ನಂಬಿ ನಿಲ್ಲಲಾಗದು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಪ್ರಾರ್ಥಿಸಿದರೆ ಕಾಯಿಲೆ ವಾಸಿಯಾಗುತ್ತದೆಯೇ? ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಬಂದ 1,802 ರೋಗಿಗಳ ಮೇಲೆ ನಡೆಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಬೇರೆಯವರು ಅವರಿಗಾಗಿ ಮಾಡಿದ ಪ್ರಾರ್ಥನೆಯಿಂದ ಚೇತರಿಕೆಯಲ್ಲಿ ಯಾವ ಲಾಭವೂ ಕಾಣಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ತಿಳಿದಿದ್ದವರಲ್ಲಿ ತೊಡಕುಗಳು ತುಸು ಹೆಚ್ಚೇ ಕಂಡವು. ಕ್ರೈಸ್ತರು ಈ ಅಧ್ಯಯನವನ್ನು ಕಂಡು ಮುಖ ತಿರುಗಿಸಬೇಕಿಲ್ಲ. ದೇವರನ್ನು ಔಷಧಿಯ ಹಾಗೆ ಪ್ರಮಾಣ ಹಾಕಿ ಕುಡಿಯಬಹುದು ಎಂಬ ಕಲ್ಪನೆಯನ್ನು ಅದು ಒಡೆಯಿತು. ಆ ಕಲ್ಪನೆ ಒಡೆದದ್ದು ಒಳ್ಳೆಯದೇ ಆಯಿತು. ಪೌಲನು ತನ್ನ ಶರೀರದಲ್ಲಿ ನಾಟಿದ್ದ ಮುಳ್ಳನ್ನು ತೆಗೆಯೆಂದು ಮೂರು ಸಲ ಬೇಡಿಕೊಂಡ. ಮುಳ್ಳು ಅಲ್ಲೇ ಉಳಿಯಿತು, ಕೃಪೆ ಸಾಕೆಂಬ ಉತ್ತರ ಬಂತು. ಹೊಸ ಒಡಂಬಡಿಕೆಯ ಅತಿ ದೊಡ್ಡ ಮಿಷನರಿಯ ಕಥೆಯೇ ಹೀಗಿರುವಾಗ, ಮಾತ್ರೆ ಬಿಡಿ, ಪ್ರಾರ್ಥನೆ ಸಾಕು ಎಂದು ಸಕ್ಕರೆ ಕಾಯಿಲೆಯವರಿಗೂ ಮೂರ್ಛೆರೋಗದವರಿಗೂ ಹೇಳುವ ಬೋಧಕರು ಯಾವ ಬೈಬಲಿನಿಂದ ಬೋಧಿಸುತ್ತಾರೋ ನನಗೆ ತಿಳಿಯದು. ಅಂಥವರ ಮಾತು ಕೇಳಿ ಕಾಯಿಲೆ ಉಲ್ಬಣಿಸಿದವರು ದೇಹವನ್ನಷ್ಟೇ ಹಾಳು ಮಾಡಿಕೊಳ್ಳುವುದಿಲ್ಲ. ನನ್ನ ನಂಬಿಕೆ ಸಾಲಲಿಲ್ಲ ಎಂದು ತಮ್ಮನ್ನೇ ದೂರಿಕೊಂಡು ಒಳಗಿನಿಂದಲೂ ಕುಸಿಯುತ್ತಾರೆ. ಇದು ಕ್ರೂರ. ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಸಾಲಿನಲ್ಲಿ ಚೀಟಿ ಹಿಡಿದು ನಿಂತೂ ಪ್ರಾರ್ಥಿಸಬಹುದು, ಹಾಗೆಯೇ ಪ್ರಾರ್ಥಿಸಬೇಕು.

ಬೇಡಿದ್ದೆಲ್ಲ ಸಿಗದೆಯೂ ಪ್ರಾರ್ಥನೆ ಒಬ್ಬರನ್ನು ಹೇಗೆ ಎತ್ತಿ ನಿಲ್ಲಿಸುತ್ತದೆ ಎಂಬುದಕ್ಕೆ ಕಲಬುರಗಿಗೆ ನಂಟಿರುವ ಒಂದು ಬಾಳು ಸಾಕ್ಷಿಯಾಗಿದೆ. ಇಲ್ಲಿ ಆ ಹೆಸರನ್ನು ಈಗ ನೆನೆಯುವವರು ಕಡಿಮೆ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ ಕಾರಣಕ್ಕೆ ಜನರ ವಿರೋಧ ಎದುರಿಸಿ ಕಾಡು ಸೇರಿದ ವಿದ್ವಾಂಸರು ಅವರು. ಕುಟುಂಬ ಊರೂರು ತಿರುಗುತ್ತ ಪುರಾಣ ಹೇಳಿ, ತೀರ್ಥಯಾತ್ರೆ ಮಾಡಿ ಬದುಕಿತು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಸತ್ತರು. 1880ರಲ್ಲಿ ಅಣ್ಣನೂ ತೀರಿಕೊಂಡ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರಲ್ಲಿ, ಗಂಡ ವಾಂತಿಭೇದಿಗೆ ಬಲಿಯಾದರು. ಕೈಯಲ್ಲಿ ಉಳಿದದ್ದು ಮಗಳು ಮನೋರಮಾ. 1883ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ತಾಯಿ ಮಗಳಿಬ್ಬರೂ ಬ್ಯಾಪ್ಟಿಸಮ್ ಪಡೆದರು.

ರಮಾಬಾಯಿ ಯಾರು ಹೇಳಿದ್ದನ್ನೂ ಸುಮ್ಮನೆ ನುಂಗಿದವರಲ್ಲ. ಹಿಂದೂ ಶಾಸ್ತ್ರಗಳು ಹೆಣ್ಣಿನ ಬಗ್ಗೆ ಹೇಳಿದ್ದನ್ನು ಪ್ರಶ್ನಿಸಿದ ಹಾಗೆಯೇ ಇಂಗ್ಲೆಂಡಿನಲ್ಲಿ ತಮ್ಮನ್ನು ನೋಡಿಕೊಳ್ಳುತ್ತಿದ್ದ ಸಂನ್ಯಾಸಿನಿಯರೊಡನೆಯೂ ಪತ್ರಗಳಲ್ಲಿ ಬಿಸಿಯಾಗಿ ವಾದಿಸಿದರು. ಬ್ಯಾಪ್ಟಿಸಮ್ ಆದಾಗ ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತನು ಸಿಕ್ಕಿರಲಿಲ್ಲ ಎಂದು ಮುಂದೆ ತಮ್ಮ ಆತ್ಮಕಥನದಲ್ಲಿ ಒಪ್ಪಿಕೊಂಡರು. ಕ್ರಿಸ್ತನು ಸಿಕ್ಕಿದ್ದು ಎಂಟು ವರ್ಷಗಳ ಮೇಲೆ. ತನ್ನ ಭಕ್ತಿಯ ಬಗ್ಗೆಯೇ ಇಂಥ ನಿಷ್ಠುರ ಮಾತು ಆಡಬಲ್ಲವರು ಕಡಿಮೆ, ಈಗಿನ ಸಾಕ್ಷಿಗಳಲ್ಲಂತೂ ಇಲ್ಲವೇ ಇಲ್ಲ.

ಅವರಿಗೆ ಬಂದ ದೊಡ್ಡ ಪರೀಕ್ಷೆಗಳಲ್ಲಿ ಒಂದು ಪ್ರಾರ್ಥನೆಯ ಕಾರಣಕ್ಕೇ ಬಂತು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಾಗ ಧರ್ಮದ ವಿಷಯದಲ್ಲಿ ಸಂಸ್ಥೆ ತಟಸ್ಥವಾಗಿರುತ್ತದೆ ಎಂದು ಮಾತು ಕೊಟ್ಟಿದ್ದರು. ಸದನ ಮುಂದೆ ಪುಣೆಗೆ ಬಂತು. ತನ್ನ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥಿಸುವಾಗ ರಮಾಬಾಯಿ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿ ಬಂದು ಕೂತರು. ಊರಿನಲ್ಲಿ ಗದ್ದಲವೆದ್ದಿತು. 1893ರಲ್ಲಿ ರಾನಡೆ, ಭಂಡಾರ್ಕರರಂಥ ಸುಧಾರಕರೇ ಸಲಹಾ ಸಮಿತಿಯಿಂದ ಹೊರಬಂದರು, ಹಲವು ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು. ಕೊಟ್ಟ ಮಾತಿನ ಪ್ರಕಾರ ನಡೆಯಬೇಕಿತ್ತು ಎಂಬ ಅವರ ತಕರಾರಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೂ ಆ ಹೊತ್ತಿನಲ್ಲಿ ರಮಾಬಾಯಿಯ ಮುಂದಿದ್ದ ಸುಲಭದ ದಾರಿ ಯಾವುದು? ಬಾಗಿಲು ಹಾಕಿಕೊಂಡರೆ ಮುಗಿಯುತ್ತಿತ್ತು: ಹಣ ಉಳಿಯುತ್ತಿತ್ತು, ದೊಡ್ಡವರ ಬೆಂಬಲ, ಹೆಸರು ಎಲ್ಲವೂ ಉಳಿಯುತ್ತಿತ್ತು. ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ತಳ್ಳುವುದೂ ಇಲ್ಲ ಎಂಬ ನಿಲುವಿಗೆ ಅಂಟಿಕೊಂಡರು. ಹೊರಗೊಂದು ಒಳಗೊಂದು ಬದುಕು ಅವರಿಂದ ಆಗುತ್ತಿರಲಿಲ್ಲ.

1896-97ರ ಬರಗಾಲ ಬಂದಾಗ ತನ್ನ ಬಾಲ್ಯದ ಹಸಿವು ಅವರಿಗೆ ನೆನಪಾಯಿತು. ಮಧ್ಯಪ್ರಾಂತ್ಯಕ್ಕೆ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ಕಟ್ಟುನಿಟ್ಟು ಇದ್ದುದರಿಂದ ಕೇಡಗಾವಿನ ಹೊಲದಲ್ಲಿ ನೆಲೆ ಮಾಡಿದರು. ಅದೇ ಮುಕ್ತಿ ಮಿಷನ್ ಆಯಿತು. 1900ರ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಜನರಿದ್ದರು. ಒಂದು ಕಡೆ ಪ್ರಾರ್ಥನೆ, ಇನ್ನೊಂದು ಕಡೆ ಮುದ್ರಣಾಲಯ, ನೇಯ್ಗೆ, ಎಣ್ಣೆಗಾಣ, ಹೈನು. ಕುರುಡು ಮಕ್ಕಳಿಗೆ ಮನೋರಮಾ ಬ್ರೈಲ್ ಕಲಿಸಿದರು. 1905ರಲ್ಲಿ ಅಲ್ಲಿ ದಿನದಿನವೂ ನಡೆದ ಸಾಮೂಹಿಕ ಪ್ರಾರ್ಥನೆ, ಕಣ್ಣೀರು, ತಪ್ಪೊಪ್ಪಿಗೆಗಳ ಸುದ್ದಿ ಜಗತ್ತಿನ ಪೆಂತೆಕೊಸ್ತ ಸಭೆಗಳ ಇತಿಹಾಸದಲ್ಲಿ ಸೇರಿಹೋಗಿದೆ. ಆ ಇತಿಹಾಸ ಬರೆಯುವವರು ಕಣ್ಣೀರಿನ ಮೇಲೆ ಹೆಚ್ಚು ಪುಟ ಬರೆಯುತ್ತಾರೆ. ನಾನು ಬರೆಯುವುದಾದರೆ ಎಣ್ಣೆಗಾಣದ ಮೇಲೆ ಬರೆದೇನು. ಬರದಲ್ಲಿ ಸಾಯಬೇಕಿದ್ದ ಹುಡುಗಿ ಪ್ರಾರ್ಥಿಸಿ ಎದ್ದು ಮರುದಿನ ಬೆಳಿಗ್ಗೆ ತನ್ನ ಅನ್ನ ತಾನು ದುಡಿಯಲು ಹೋಗುತ್ತಿದ್ದಳಲ್ಲ, ಪ್ರಾರ್ಥನೆ ಕೊಟ್ಟ ಬಲದ ಅಳತೆ ಅಲ್ಲಿದೆ.

1912ರಲ್ಲಿ, ನಿಜಾಮರ ರಾಜ್ಯದ ಹಿಂದುಳಿದ ಜಿಲ್ಲೆಯಾಗಿದ್ದ ನಮ್ಮ ಗುಲ್ಬರ್ಗದಲ್ಲಿ ತಾಯಿ ಮಗಳು ಸೇರಿ ಒಂದು ಕ್ರೈಸ್ತ ಹೈಸ್ಕೂಲು ತೆರೆದರು. ಅದರ ಮುಖ್ಯಸ್ಥೆ ಮನೋರಮಾ. ಆಕೆ 1921ರ ಜುಲೈನಲ್ಲಿ, ನಲವತ್ತರ ಪ್ರಾಯದಲ್ಲಿ, ತಾಯಿಗಿಂತ ಮೊದಲು ತೀರಿಕೊಂಡರು. ಮುಕ್ತಿಯ ಹೊರೆಯನ್ನು ಮಗಳ ಹೆಗಲಿಗೆ ಕೊಡಬೇಕೆಂದಿದ್ದ ರಮಾಬಾಯಿ ಬೈಬಲಿನ ಮರಾಠಿ ಅನುವಾದದ ಕೆಲಸ ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದರು. ಹಿಂದೂ ಮನೆಯಲ್ಲಿ ವ್ರತ, ಯಾತ್ರೆ ಮಾಡಿದಾಗ ತಾಯಿತಂದೆ ಉಳಿಯಲಿಲ್ಲ. ಕ್ರೈಸ್ತಳಾಗಿ ಹಗಲಿರುಳು ಪ್ರಾರ್ಥಿಸಿದಾಗ ಮಗಳು ಉಳಿಯಲಿಲ್ಲ. ಈ ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಆ ತಾಯಿಗೆ ಅನ್ಯಾಯ ಮಾಡಿದಂತೆ. ಪ್ರಾರ್ಥನೆಯನ್ನು ಬೇಡಿದ್ದು ಕೊಡುವ ಯಂತ್ರವೆಂದು ತಿಳಿದಿದ್ದರೆ ಅವರು ಎರಡು ಸಲ ಅದನ್ನು ಎಸೆಯಬೇಕಿತ್ತು. ಎಸೆಯಲಿಲ್ಲ, ಕೊನೆಯ ದಿನದವರೆಗೂ ಕೆಲಸ ಬಿಡಲಿಲ್ಲ.

ಇಂದಿನ ಕಪನೂರ, ಕಮಲಾಪುರದ ಕ್ರೈಸ್ತರ ಪರೀಕ್ಷೆಗಳು ಬೇರೆ. ಬೀದರ್, ಯಾದಗಿರಿ, ಕಲಬುರಗಿ ಭಾಗದಲ್ಲಿ ಮೆಥೋಡಿಸ್ಟ್ ಸಭೆಗಳು ಹಳೆಯವು. ಕಥೋಲಿಕರ ಗುಲ್ಬರ್ಗ ಧರ್ಮಪ್ರಾಂತ್ಯ 2005ರಲ್ಲಿ ರಚನೆಯಾಯಿತು. ಈ ಸಭೆಗಳಲ್ಲಿ ಬಹುಪಾಲು ಜನ ದಲಿತ ಮೂಲದವರು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗಷ್ಟೇ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿತು. ಕ್ರೈಸ್ತರಾದ ದಲಿತರು ಇನ್ನೂ ಹೊರಗಿದ್ದಾರೆ. ಕರ್ನಾಟಕದಲ್ಲಿ ಅವರನ್ನು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಇಟ್ಟಿದ್ದಾರೆ. ಕೇರಿಯಲ್ಲಿ ಜಾತಿಯ ಅವಮಾನ ಹಾಗೇ ಇದೆ, ಕಾಗದದಲ್ಲಿ ಮಾತ್ರ ಜಾತಿ ಹೋಗಿದೆ. ಇದು ನ್ಯಾಯವಲ್ಲ ಎಂದೇ ನಾನು ನಂಬುತ್ತೇನೆ, ಅದನ್ನು ನ್ಯಾಯಾಲಯದಲ್ಲೂ ಬೀದಿಯಲ್ಲೂ ಹೇಳುತ್ತಲೇ ಇರಬೇಕು. ಆದರೆ ಅಲ್ಲಿಯವರೆಗೆ ಓದಿದ ಹುಡುಗನೊಬ್ಬ ತಹಶೀಲ್ದಾರ ಕಚೇರಿಯ ಅರ್ಜಿಯ ಮುಂದೆ ಕೂತಾಗ ಎರಡು ಹೆಸರು, ಎರಡು ಬದುಕು ಇಟ್ಟುಕೊಳ್ಳುವ ಸೆಳೆತ ಬಂದೇ ಬರುತ್ತದೆ. ಹಸಿದವನ ತೀರ್ಮಾನವನ್ನು ಹೊಟ್ಟೆ ತುಂಬಿದವರು ವಿಚಾರಣೆಗೆ ಹಚ್ಚುವುದು ತರವಲ್ಲ. ನನ್ನ ಮಾತು ಇಷ್ಟೇ: ಆ ಹುಡುಗ ಭಯ, ಆಸೆ, ಸಿಟ್ಟು ಎಲ್ಲವನ್ನೂ ದೇವರ ಮುಂದೆ ಹೇಳಿಕೊಂಡರೆ ಏನನ್ನು ಆರಿಸಿದರೂ ಕಣ್ಣು ತೆರೆದು ಆರಿಸುತ್ತಾನೆ. ಹೇಳಿಕೊಳ್ಳದಿದ್ದರೆ ತನಗೇ ಕಾಣದ ಹಾಗೆ ಇಬ್ಬರಾಗಿ ಒಡೆದುಹೋಗುತ್ತಾನೆ.

ಇನ್ನೊಂದು ಪರೀಕ್ಷೆ ಬೆದರಿಕೆಯದು. 2008ರ ಸೆಪ್ಟೆಂಬರಿನಲ್ಲಿ ಕರಾವಳಿಯಲ್ಲೂ ರಾಜ್ಯದ ಇತರ ಕಡೆಗಳಲ್ಲೂ ಚರ್ಚುಗಳ ಮೇಲೆ ನಡೆದ ದಾಳಿ ಯಾರಿಗೂ ಮರೆತಿಲ್ಲ. 2022ರ ಮತಾಂತರ ನಿಷೇಧ ಕಾಯ್ದೆಯನ್ನು ರದ್ದು ಮಾಡಲು 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನಿಸಿದರೂ, ಮನೆಯಲ್ಲಿ ನಾಲ್ಕು ಜನ ಸೇರಿ ಪ್ರಾರ್ಥಿಸುವಾಗ ಬಾಗಿಲ ಕಡೆಗೊಂದು ಕಣ್ಣಿಡುವ ಭಯ ಸಣ್ಣ ಸಭೆಗಳಲ್ಲಿ ಇದೆ. ಅಪೊಸ್ತಲರ ಕೃತ್ಯಗಳ ನಾಲ್ಕನೆಯ ಅಧ್ಯಾಯದಲ್ಲಿ ಇಂಥದೇ ಸನ್ನಿವೇಶ. ಪೇತ್ರನನ್ನೂ ಯೋಹಾನನನ್ನೂ ಹಿರಿಯರ ಸಭೆ ಬೆದರಿಸಿ ಬಿಟ್ಟಿತ್ತು. ಅವರು ಗೆಳೆಯರೊಡನೆ ಸೇರಿ ಪ್ರಾರ್ಥಿಸಿದಾಗ ಬೆದರಿಸಿದವರನ್ನು ನಾಶಮಾಡು ಎಂದು ಬೇಡಲಿಲ್ಲ, ಬೆದರಿಕೆ ನಿಲ್ಲಿಸು ಎಂದೂ ಬೇಡಲಿಲ್ಲ. ಬೆದರಿಕೆಯನ್ನು ದೇವರ ಕಣ್ಣಮುಂದೆ ಇಟ್ಟು, ಮಾತಾಡುವ ಧೈರ್ಯ ಬೇಡಿದರು. ಗೆತ್ಸೆಮನೆಯಲ್ಲಿ ಮಲಗಿದ್ದ ಪೇತ್ರನೇ ಇವನು. ಈಗ ಕತ್ತಿಗೂ ಕೈಹಾಕಲಿಲ್ಲ, ಅಲ್ಲಗಳೆಯಲೂ ಇಲ್ಲ. ಪೊಲೀಸು ದೂರು, ವಕೀಲರು, ಕಾನೂನಿನ ರಕ್ಷಣೆ ಇವೆಲ್ಲ ಬೇಕು. ಪೌಲನೂ ತನ್ನ ರೋಮ್ ಪೌರತ್ವವನ್ನು ಬಳಸಿಕೊಂಡ. ಆದರೆ ದ್ವೇಷ ಒಳಗೆ ಬಂದು ಕೂತರೆ ಅದನ್ನು ಹೊರಹಾಕುವ ಅರ್ಜಿ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ತನಗೆ ಕೆಟ್ಟದ್ದು ಮಾಡಿದವನ ಹೆಸರು ಹಿಡಿದು ದಿನಾ ಪ್ರಾರ್ಥಿಸುವವನಿಗೆ ಅವನನ್ನು ದ್ವೇಷಿಸುತ್ತ ಉಳಿಯುವುದು ಬಹಳ ದಿನ ಸಾಧ್ಯವಾಗುವುದಿಲ್ಲ.

ಮನಃಪೂರ್ವಕ ಪ್ರಾರ್ಥಿಸಿಯೂ ಬಿದ್ದವರ ಮಾತೇನು? ದಾರು ಬಿಡುತ್ತೇನೆಂದು ಸಭೆಯಲ್ಲಿ ಅತ್ತು ವಾರ ಕಳೆಯುವುದರೊಳಗೆ ಮತ್ತೆ ಕುಡಿದವರನ್ನು ಎಲ್ಲರೂ ನೋಡಿದ್ದೇವೆ. ಇದಕ್ಕೆ ಲೂಕನ ಸುವಾರ್ತೆಯಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಪೇತ್ರ ಬೀಳುವ ಮೊದಲೇ ಯೇಸು ಅವನಿಗಾಗಿ ಪ್ರಾರ್ಥಿಸಿದ್ದರು. ಅವನು ಬೀಳದಿರಲಿ ಎಂದು ಬೇಡಿರಲಿಲ್ಲ. ಅವನ ನಂಬಿಕೆ ಆರಿಹೋಗದಿರಲಿ ಎಂದು ಬೇಡಿದ್ದರು, ತಿರುಗಿ ಬಂದ ಮೇಲೆ ಸೋದರರನ್ನು ಬಲಪಡಿಸು ಎಂದು ಅವನಿಗೆ ಹೇಳಿದ್ದರು. ಬಿದ್ದವನು ಏಳುವುದೂ ಪ್ರಾರ್ಥನೆಯ ಬಲವೇ. ಎದ್ದವನನ್ನು ಹಿಡಿದು ನಡೆಸುವುದು ಸಭೆಯ ಕೆಲಸ: ಸಂಜೆ ಕೂಲಿ ಕೈಗೆ ಬರುವ ಹೊತ್ತಿಗೆ ಮಿಲ್ಲಿನ ಗೇಟಿನಲ್ಲಿ ನಿಂತು ಅವನ ಜೊತೆ ಮನೆಯವರೆಗೆ ನಡೆಯಬಲ್ಲ ಒಬ್ಬ ಗೆಳೆಯ, ವ್ಯಸನಮುಕ್ತಿ ಕೇಂದ್ರಕ್ಕೆ ಕರೆದೊಯ್ಯಬಲ್ಲ ಒಬ್ಬ ಹಿರಿಯ. ನಿಮಗೋಸ್ಕರ ಪ್ರಾರ್ಥಿಸುತ್ತೇನೆ ಎಂದು ಹೇಳಿ ಮನೆಗೆ ಹೋಗಿ ಮಲಗುವವನು ತೋಟದಲ್ಲಿ ಮಲಗಿದ ಪೇತ್ರನ ತಪ್ಪನ್ನೇ ಮಾಡುತ್ತಾನೆ.

ಇಲ್ಲಿಗೆ ನಮ್ಮ ಸಭೆಗಳ ಹಿರಿಯರಲ್ಲಿ ಒಂದು ಬೇಡಿಕೆ. ಭಾನುವಾರ ಸಾಕ್ಷಿ ಹೇಳುವ ಸಮಯದಲ್ಲಿ ಎದ್ದು ನಿಲ್ಲುವವರು ಯಾರು ನೋಡಿ: ಕೆಲಸ ಸಿಕ್ಕವರು, ಕಾಯಿಲೆ ವಾಸಿಯಾದವರು, ಸೈಟು ಕೊಂಡವರು. ಅವರು ಸ್ತೋತ್ರ ಸಲ್ಲಿಸಲಿ, ಅದು ನ್ಯಾಯವೇ. ಆದರೆ ಪ್ರಾರ್ಥಿಸಿ ಮಗುವನ್ನು ಮಣ್ಣು ಮಾಡಿ ಬಂದ ತಾಯಿ, ಪ್ರಾರ್ಥಿಸಿಯೂ ಬೆಳೆ ಕಳೆದುಕೊಂಡ ರೈತ, ಮೂರನೆಯ ಸಲ ಕುಡಿತ ಬಿಡಲು ಹೆಣಗುತ್ತಿರುವ ಹಮಾಲ ಅದೇ ಕೋಣೆಯಲ್ಲಿ ಬಾಯಿ ಮುಚ್ಚಿ ಕೂತಿರುತ್ತಾರೆ. ತಮ್ಮ ಪ್ರಾರ್ಥನೆಯಲ್ಲೇ ಏನೋ ಕೊರತೆಯಿದೆ ಎಂದು ಅವರು ಅಂದುಕೊಂಡಿದ್ದಾರೆ. ಮುಂದಿನ ಭಾನುವಾರ ಅವರನ್ನೂ ಹೆಸರು ಹಿಡಿದು ಕರೆಯಿರಿ. ಬೇಡಿದ್ದು ಸಿಗಲಿಲ್ಲ, ಆದರೂ ನಾನು ನಿಂತಿದ್ದೇನೆ ಎಂದು ಹೇಳಬಲ್ಲವರ ಸಾಕ್ಷಿಯನ್ನು ಮೊದಲು ಕೇಳಿ.